ರುಜು ಹಾಕುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಈ ಎರಡು ಕಾರ್ಯಗಳ ಕಷ್ಟವನ್ನು ಬಲ್ಲ ಹಿರಿಯರು ಗಾದೆಯನ್ನು ಅಲ್ಲಿಗೇ ನಿಲ್ಲಿಸಿದರು. ಹುಟ್ಟಿದ ಊರಿನಲ್ಲಿಯೇ ದುಡಿದು, ಅಜ್ಜ ಕಟ್ಟಿದ ಗೋಡೆಗಳ ನಡುವೆಯೇ ಬಾಳು ಸವೆಸುತ್ತಿದ್ದವರಿಗೆ ಪರರ ಮನೆಯನ್ನು ಬಾಡಿಗೆಗೆ ಹಿಡಿಯುವ ಪ್ರಸಂಗ ವಿರಳವಾಗಿದ್ದಿರಬೇಕು. ಈಗ ಕಾಲ ಬದಲಾಗಿದೆ. ಕೆಲಸ ಒಂದೂರಿನಲ್ಲಿ, ಹೊಲ ಒಂದೂರಿನಲ್ಲಿ, ಮಕ್ಕಳ ಶಾಲೆ ಮತ್ತೊಂದೂರಿನಲ್ಲಿ. ಆದುದರಿಂದ ಆ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸುವುದಾದರೆ, 'ಬಾಡಿಗೆಗೆ ಮನೆ ಹಿಡಿದು ನೋಡು' ಎಂದು ಸೇರಿಸಬಹುದು.

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಗಳು ಒಂದಕ್ಕೊಂದು ದೂರದ ಊರುಗಳಲ್ಲ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದು ಹೋಗುತ್ತದೆ. 2017ರಲ್ಲಿ ಬೀದರ ಹಾಗೂ ಕಲಬುರಗಿಗಳ ನಡುವಣ ರೈಲು ಮಾರ್ಗವು ಸಂಚಾರಕ್ಕೆ ತೆರೆದಾಗ, ಆ ದಾರಿಯಲ್ಲಿರುವ ಹುಮನಾಬಾದಿಗೆ ಇನ್ನೊಂದು ಬಾಗಿಲು ತೆರೆದಂತಾಯಿತು. ಕಾರ್ಖಾನೆಯ ಕೆಲಸಗಾರರು, ಬ್ಯಾಂಕಿನ ಗುಮಾಸ್ತರು, ಶಿಕ್ಷಕರು, ಲಾರಿ ಚಾಲಕರು, ಕಾಲೇಜಿಗೆ ಬರುವ ವಿದ್ಯಾರ್ಥಿಗಳು, ಇವರೆಲ್ಲರೂ ಇಂಥ ಊರುಗಳಲ್ಲಿ ಒಂದು ಸೂರನ್ನು ಅರಸುತ್ತಾರೆ. ಸೂರು ದೊರೆತ ಕೂಡಲೆ ಅವರ ಮುಂದೆ ಒಂದು ಕಾಗದ ಬರುತ್ತದೆ. ಅದರ ಕೆಳಗೆ ರುಜು ಹಾಕಬೇಕು. ಅನೇಕ ಮಂದಿಗೆ ಜೀವನದಲ್ಲಿ ಅದೇ ಮೊದಲನೆಯ ಕರಾರು ಪತ್ರ.

ಈ ಕಾಗದದ ಹಿಂದೆ ಎಷ್ಟು ಹಣವಿದೆ ಎಂಬುದನ್ನು ಗಮನಿಸಬೇಕು. ದಿನಗೂಲಿಯ ಮೇಲೆ ನಿಂತ ಸಂಸಾರವು ಠೇವಣಿಗೆಂದು ಕೊಡುವ ಮೊತ್ತವು ಹಲವು ವರ್ಷಗಳ ಉಳಿತಾಯವಾಗಿರುತ್ತದೆ. ಕೆಲವೊಮ್ಮೆ ಅದು ಮಗಳ ಕಿವಿಯ ಓಲೆಯನ್ನು ಅಡವಿಟ್ಟು ತಂದ ಹಣವೂ ಆಗಿರಬಹುದು. ಒಂದು ಕೊಳೆತ ಮಾವಿನ ಹಣ್ಣನ್ನು ಕೊಳ್ಳದಿರಲು ಹತ್ತು ಹಣ್ಣುಗಳನ್ನು ಹಿಸುಕಿ ನೋಡುವ ಮನುಷ್ಯನು, ಇಷ್ಟು ದೊಡ್ಡ ಮೊತ್ತವನ್ನು ಒಪ್ಪಿಸುವಾಗ ಮಾತ್ರ ಕಣ್ಣು ಮುಚ್ಚಿ ರುಜು ಹಾಕುತ್ತಾನೆ. ಇದು ಆಶ್ಚರ್ಯವಾದರೂ ಸತ್ಯ. ಇದಕ್ಕೆ ಕಾರಣ ಮೂರ್ಖತನವಲ್ಲ, ಅಳುಕು. ಕಾಗದವೆಂದರೆ ಬಲ್ಲವರ ವಸ್ತು, ಅದನ್ನು ಪ್ರಶ್ನಿಸುವುದು ತನ್ನಂಥವನಿಗೆ ಸಲ್ಲದು ಎಂಬ ಹಳೆಯ ಅಳುಕು.

ಈ ಅಳುಕಿಗೆ ಈ ಭಾಗದ ಚರಿತ್ರೆಯಲ್ಲಿ ಬೇರುಗಳುಂಟು. 1948ರ ಸೆಪ್ಟೆಂಬರಿನವರೆಗೆ ಬೀದರ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಆಳ್ವಿಕೆಯ ಕಡೆಯ ದಶಕಗಳಲ್ಲಿ ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ರೈತನು ತನ್ನದೇ ಹೊಲದ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಬಳಿಗೆ ಹೋಗಬೇಕಾಗುತ್ತಿತ್ತು. ಓದಿದವನು ಹೇಳಿದ್ದೇ ಅರ್ಥ, ಅವನು ತೋರಿಸಿದಲ್ಲೇ ಹೆಬ್ಬೆಟ್ಟು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಕನ್ನಡದ ಶಾಲೆಗಳು ಬೆಳೆದವು. ಆದರೂ ಬಾಡಿಗೆಗೆ ಕಿರಾಯವೆಂದೂ ಬಾಡಿಗೆಯ ಪತ್ರಕ್ಕೆ ಕಿರಾಯನಾಮೆಯೆಂದೂ ಹೇಳುವ ರೂಢಿ ಜನರ ಬಾಯಲ್ಲಿ ಉಳಿಯಿತು. ಅದರೊಡನೆ ಕಾಗದದ ಭಯವೂ ಉಳಿಯಿತು. ಇಂದಿಗೂ ಎಷ್ಟೋ ಮನೆಗಳಲ್ಲಿ ಕಾಗದವನ್ನು ಪೂರ್ತಿಯಾಗಿ ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳು ಮಾತ್ರ.

ಬಸವಕಲ್ಯಾಣದ ಒಬ್ಬ ಬಡಗಿಯ ಸಂಸಾರವನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಹುಮನಾಬಾದಿನಲ್ಲಿ ಅವನಿಗೆ ನಿಂತ ಕೆಲಸ ದೊರೆತಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಕರೆದುಕೊಂಡು ಅವನು ಮನೆ ನೋಡಲು ಬಂದಿದ್ದಾನೆ. ಶಾಲೆ ಆರಂಭವಾಗಲು ವಾರವೊಂದು ಉಳಿದಿದೆ. ದಲ್ಲಾಳಿಯು ತೋರಿಸಿದ ಮೊದಲನೆಯ ಮನೆ ನೋಡಲು ಬಹಳ ಚೆಲುವಾಗಿದೆ. ಹೊಸ ಬಣ್ಣ, ತೊಳೆದ ಫರಸಿಯ ನೆಲ, ಬಾಡಿಗೆಯೂ ಕಡಿಮೆ. ತಂದೆಯ ಮುಖ ಅರಳುತ್ತದೆ. ಅವನು ಬಾಗಿಲಿನ ಮರವನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ, ಏಕೆಂದರೆ ಮರದ ಭಾಷೆ ಅವನಿಗೆ ಗೊತ್ತು. ಗೋಡೆಯ ಭಾಷೆಯನ್ನೂ ಕಾಗದದ ಭಾಷೆಯನ್ನೂ ಹಾಗೆಯೇ ತಟ್ಟಿ ನೋಡಬೇಕಾಗಿದೆ.

ಮನೆಯು ತನ್ನ ದೋಷವನ್ನು ತಾನೇ ಹೇಳುತ್ತದೆ. ಕೇಳುವ ತಾಳ್ಮೆ ಬೇಕು. ಇಡೀ ಗೋಡೆಯನ್ನು ಬಿಟ್ಟು ಕೆಳಗಿನ ಎರಡು ಅಡಿಗಳಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಲ್ಲಿ ತೇವ ಏರುತ್ತಿರಬಹುದು. ಮೂಲೆಯಲ್ಲಿ ಉಪ್ಪಿನಂಥ ಬಿಳಿಯ ಹುಡಿ ಉದುರುತ್ತಿದ್ದರೆ ಆ ಊಹೆ ಬಲವಾಗುತ್ತದೆ. ಛಾವಣಿಯಲ್ಲಿ ತುಕ್ಕಿನ ಬಣ್ಣದ ಕಲೆಯಿದ್ದರೆ, ಮಳೆಯ ನೀರು ಒಳಗಿನ ಕಬ್ಬಿಣವನ್ನು ಮುಟ್ಟಿದೆಯೆಂದು ತಿಳಿಯಬೇಕು. ನಲ್ಲಿಯನ್ನು ತಿರುಗಿಸಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಬೇಕು. ಬೇಸಗೆಯಲ್ಲಿ ಕೊಳವೆಬಾವಿ ಬತ್ತುವ ನಾಡಿನಲ್ಲಿ ಜೂನ್ ತಿಂಗಳಿನ ನೀರನ್ನು ಕಂಡು ಏಪ್ರಿಲ್ ತಿಂಗಳಿನ ನೀರನ್ನು ನಂಬಲಾಗದು. ಹಗಲು ಒಮ್ಮೆ, ಸಂಜೆ ಒಮ್ಮೆ ಮನೆಯನ್ನು ನೋಡಿದವನಿಗೆ ತಿಳಿಯುವಷ್ಟು ಒಮ್ಮೆ ನೋಡಿದವನಿಗೆ ತಿಳಿಯದು. ಹಿಂದೆ ಇದ್ದವರು ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಮಾಲಕರು ಕೊಡುವ ಉತ್ತರವನ್ನೂ ನೆರೆಯವರು ಕೊಡುವ ಉತ್ತರವನ್ನೂ ಹೋಲಿಸಿ ನೋಡುವುದು ಜಾಣತನ.

ವಿದ್ಯುತ್ತಿನ ಮೀಟರು ಇನ್ನೊಂದು ಸಾಕ್ಷಿ. ಮೂರು ಸಂಸಾರಗಳಿಗೆ ಒಂದೇ ಮೀಟರಿದ್ದರೆ ತಿಂಗಳ ಕೊನೆಗೆ ಲೆಕ್ಕ ಯಾರದು, ಜಗಳ ಯಾರದು ಎಂಬುದು ನಿಶ್ಚಯವಿಲ್ಲ. ಈ ಭಾಗಕ್ಕೆ ವಿದ್ಯುತ್ತನ್ನು ಒದಗಿಸುವ ಜೆಸ್ಕಾಂ ಸಂಸ್ಥೆಯ ಬಿಲ್ಲಿನ ಮೇಲೆ ಪ್ರತಿ ಸಂಪರ್ಕಕ್ಕೂ ಒಂದು ಆರ್.ಆರ್. ಸಂಖ್ಯೆಯಿರುತ್ತದೆ, ಹಿಂದಿನ ಬಾಕಿಯಿದ್ದರೆ ಅದೂ ಅಲ್ಲಿಯೇ ಕಾಣುತ್ತದೆ. 2023ರಲ್ಲಿ ರಾಜ್ಯ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿದಾಗ ಅದರ ಪ್ರಯೋಜನವನ್ನು ಬಾಡಿಗೆದಾರರಿಗೂ ವಿಸ್ತರಿಸಿತು. ಅದನ್ನು ಪಡೆಯಲು ತಾನು ವಾಸಿಸುವ ಮನೆಯ ಸಂಪರ್ಕ ಯಾವುದೆಂದು ಬಾಡಿಗೆದಾರನಿಗೆ ತಿಳಿದಿರಬೇಕು. ಆದ್ದರಿಂದ ಹಳೆಯ ಬಿಲ್ಲನ್ನು ಒಮ್ಮೆ ತೋರಿಸಿರೆಂದು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಮನೆಯ ಮಾತು ಮುಗಿದ ಮೇಲೆ ಮನುಷ್ಯರ ಮಾತು. ಬಾಡಿಗೆಗೆ ಕೊಡುತ್ತಿರುವವನಿಗೆ ಆ ಮನೆಯನ್ನು ಕೊಡುವ ಅಧಿಕಾರವಿದೆಯೆ? ಬಸವಕಲ್ಯಾಣದಲ್ಲಿ ನಗರಸಭೆ, ಹುಮನಾಬಾದಿನಲ್ಲಿ ಪುರಸಭೆ, ಮನೆಯ ತೆರಿಗೆಯನ್ನು ವಸೂಲು ಮಾಡುತ್ತವೆ. ತೆರಿಗೆಯ ರಸೀದಿ, ಖಾತೆಯ ಪ್ರತಿ, ಇವುಗಳ ಮೇಲೆ ಯಾರ ಹೆಸರಿದೆ ಎಂದು ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ಹೆಸರು ತೀರಿಹೋದ ಹಿರಿಯರದಾಗಿದ್ದರೆ, ಉಳಿದ ವಾರಸುದಾರರು ಒಪ್ಪಿದ್ದಾರೆಯೆ ಎಂದು ಕೇಳಬೇಕು. ಅಣ್ಣನು ಕೊಟ್ಟ ಮನೆಯಿಂದ ತಮ್ಮನು ಬಂದು ಎಬ್ಬಿಸುವ ಪ್ರಸಂಗ ಬರಬಾರದಷ್ಟೆ?

ಮೊದಲನೆಯ ಮನೆಯಲ್ಲಿ ಹುಡುಗಿ ಇಂಥದೇ ಒಂದು ಪ್ರಶ್ನೆಯನ್ನು ಕೇಳುತ್ತಾಳೆ. ಆಕೆಯ ಕೈಗೆ ಬಂದ ಕಾಗದದಲ್ಲಿ ಠೇವಣಿಯ ಮೊತ್ತವಿರಬೇಕಾದ ಸ್ಥಳವೂ ತಾರೀಖಿನ ಸ್ಥಳವೂ ಬರಿದಾಗಿವೆ. “ಯಪ್ಪಾ, ಇಲ್ಲಿ ಖಾಲಿ ಬಿಟ್ಟಾರ” ಎಂದು ಅವಳು ಮೆಲ್ಲಗೆ ಹೇಳುತ್ತಾಳೆ. ಮಾಲಕನು ಅದನ್ನು ಕೇಳಿಸಿಕೊಂಡು, “ಏನ್ ಓದ್ತೀರಿ? ಎಲ್ಲಾ ಕಿರಾಯದ ಕಾಗದಾ ಒಂದೇ ತರಾ ಇರ್ತಾವ. ಸಂಜೀಕ ಇನ್ನಿಬ್ಬರು ನೋಡಾಕ ಬರೋರಿದ್ದಾರ. ಬೇಕಂದ್ರ ಈಗ ಸಹಿ ಮಾಡ್ರಿ” ಎನ್ನುತ್ತಾನೆ.

ಆ ಮಾತಿನಲ್ಲಿ ಬೈಗುಳವಿಲ್ಲ, ಸುಳ್ಳೂ ಇಲ್ಲದಿರಬಹುದು. ನಿಜವಾಗಿಯೂ ಇನ್ನಿಬ್ಬರು ಬರುವವರಿರಬಹುದು. ಆದರೂ ಅದು ಒಂದು ಎಚ್ಚರಿಕೆಯ ಗಂಟೆ. ಗೋಡೆಯ ಕಲೆಗಿಂತಲೂ, ಬತ್ತಿದ ನಲ್ಲಿಗಿಂತಲೂ ದೊಡ್ಡ ಗಂಟೆ. ಬಿರುಕನ್ನು ಗಾರೆಯಿಂದ ಮುಚ್ಚಬಹುದು, ಕಲೆಯನ್ನು ಬಣ್ಣದಿಂದ ಮರೆಸಬಹುದು. ನೇರವಾದ ಪ್ರಶ್ನೆಯೊಂದು ಎದುರಾದಾಗ ಮನುಷ್ಯನ ಸ್ವಭಾವವನ್ನು ಮರೆಸುವುದು ಕಷ್ಟ. ಇಂದು ಬರಿದಾದ ಸ್ಥಳವನ್ನು ತುಂಬಲು ಒಪ್ಪದವನು, ನಾಳೆ ಠೇವಣಿಯನ್ನು ಹಿಂದಿರುಗಿಸುವ ದಿನ ಹೇಗೆ ವರ್ತಿಸುವನೆಂಬುದನ್ನು ಈಗಲೇ ತಿಳಿಸಿಬಿಟ್ಟಿರುತ್ತಾನೆ. ಆದುದರಿಂದ ಪ್ರಶ್ನೆಯ ಪ್ರಯೋಜನ ಎರಡು ಬಗೆಯದು. ಉತ್ತರದಿಂದ ವಿಷಯ ತಿಳಿಯುತ್ತದೆ; ಉತ್ತರಿಸುವ ರೀತಿಯಿಂದ ಮನುಷ್ಯ ತಿಳಿಯುತ್ತಾನೆ.

ಬಡಗಿಯು ಒಂದು ಕ್ಷಣ ಸುಮ್ಮನಿದ್ದು, ನಮಸ್ಕರಿಸಿ ಹೊರಗೆ ಬರುತ್ತಾನೆ. ಆ ಚೆಲುವಾದ ಮನೆ ಕೈಬಿಟ್ಟಿತೆಂಬ ವ್ಯಥೆ ಅವನಿಗೆ ಇಲ್ಲದಿಲ್ಲ. ಎಚ್ಚರಕ್ಕೂ ಒಂದು ಬೆಲೆಯುಂಟು. ಅದನ್ನು ಕೊಡದೆ ಎಚ್ಚರವಾಗಿರಲು ಬಾರದು.

ಇನ್ನು ಕಾಗದದ ಮಾತು. ಬಾಡಿಗೆಯ ಕರಾರನ್ನು 11 ತಿಂಗಳಿಗೆ ಬರೆಯುವ ರೂಢಿ ಎಲ್ಲೆಡೆಯೂ ಇದೆ. 12 ಏಕಲ್ಲ, 11 ಏಕೆ ಎಂದು ಕೇಳಿದರೆ ಹಲವರಿಗೆ ಉತ್ತರ ತಿಳಿಯದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು 1908ರ ನೋಂದಣಿ ಅಧಿನಿಯಮಗಳ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ವೆಚ್ಚವನ್ನೂ ಓಡಾಟವನ್ನೂ ತಪ್ಪಿಸಲು ಜನರು 11 ತಿಂಗಳ ದಾರಿಯನ್ನು ಕಂಡುಕೊಂಡರು. ಇದರಲ್ಲಿ ಮೋಸವಿಲ್ಲ. ಆದರೆ ಕಾಗದದಲ್ಲಿ ಮೂರು ವರ್ಷವೆಂದು ಬರೆದು ನೋಂದಣಿ ಬೇಡವೆನ್ನುವವರ ಮಾತನ್ನು ಒಪ್ಪಬಾರದು. ನೋಂದಣಿಯಾಗದ ಅಂಥ ಪತ್ರವನ್ನು ನಂಬಿ ಮೂರು ವರ್ಷಗಳ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಲಾಗದು.

ಕಾನೂನು ಬಾಡಿಗೆದಾರನ ಕೈಬಿಟ್ಟಿಲ್ಲ. ಅದೇ 1882ರ ಅಧಿನಿಯಮವು ಮಾಲಕನಿಗೂ ಬಾಡಿಗೆದಾರನಿಗೂ ಕರ್ತವ್ಯಗಳನ್ನು ಹಂಚಿಕೊಟ್ಟಿದೆ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವು ಮನೆಯಲ್ಲಿದ್ದು, ಅದು ಮಾಲಕನಿಗೆ ತಿಳಿದಿದ್ದರೆ ಅವನು ಅದನ್ನು ಹೇಳಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಅವನು ಮಾಡಿಸದಿದ್ದರೆ, ಬಾಡಿಗೆದಾರನು ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಬಾಡಿಗೆದಾರನು ಮನೆಯನ್ನು ಕೆಡಿಸದೆ ಹಿಂದಿರುಗಿಸಬೇಕು. ಬಳಕೆಯಿಂದ ಸಹಜವಾಗಿ ಸವೆದುದಕ್ಕೆ ಅವನು ಹೊಣೆಯಲ್ಲ. ತಿಂಗಳ ಬಾಡಿಗೆಯ ಮನೆಯನ್ನು ಬಿಡುವುದಕ್ಕಾಗಲಿ ಬಿಡಿಸುವುದಕ್ಕಾಗಲಿ 15 ದಿನಗಳ ಮುಂಚಿತ ತಿಳಿವಳಿಕೆ ಬೇಕು. ಎಷ್ಟು ಸಮತೂಕದ ನಿಯಮಗಳು! ಆದರೆ ಇವುಗಳ ಜೊತೆಗೆ ಒಂದು ಸಣ್ಣ ಮಾತು ಸೇರಿದೆ. ಉಭಯತರು ಬೇರೆ ರೀತಿಯಲ್ಲಿ ಕರಾರು ಮಾಡಿಕೊಂಡಿರದಿದ್ದರೆ ಮಾತ್ರ ಈ ನಿಯಮಗಳು ಅನ್ವಯಿಸುತ್ತವೆ. ಎಂದರೆ, ಕಾಗದವು ಮೌನವಾಗಿರುವಲ್ಲಿ ಕಾನೂನು ಮಾತನಾಡುತ್ತದೆ; ಕಾಗದವು ಮಾತನಾಡಿದಲ್ಲಿ ಸಾಮಾನ್ಯವಾಗಿ ಅದರ ಮಾತೇ ನಡೆಯುತ್ತದೆ. ಓದದೆ ರುಜು ಹಾಕಿದವನು ಕಾನೂನು ತನಗಾಗಿ ಇಟ್ಟಿದ್ದ ಕೊಡೆಯನ್ನು ತಾನೇ ಮಡಿಚಿ ಇಟ್ಟಂತಾಗುತ್ತದೆ.

ಹಾಗಾದರೆ ಯಾವ ಸಾಲುಗಳ ಬಳಿ ಬೆರಳು ನಿಲ್ಲಬೇಕು? ಎಲ್ಲ ದುರಸ್ತಿಯೂ ಬಾಡಿಗೆದಾರನದೇ ಎಂಬ ಸಾಲಿನ ಬಳಿ. ಬಾಡಿಗೆದಾರನು ಮೂರು ತಿಂಗಳು ಮುಂಚೆ ತಿಳಿಸಬೇಕು, ಮಾಲಕನು ಮಾತ್ರ ಯಾವಾಗ ಬೇಕಾದರೂ ಬಿಡಿಸಬಹುದು ಎಂಬ ಸಾಲಿನ ಬಳಿ. ಅವಧಿಗೆ ಮುನ್ನ ಮನೆ ಬಿಟ್ಟರೆ ಠೇವಣಿಯೆಲ್ಲವೂ ಹೋಗುತ್ತದೆ ಎಂಬ ಸಾಲಿನ ಬಳಿ. ಹೊಸ ಬಾಡಿಗೆದಾರರು ಬಂದ ಮೇಲೆ ಠೇವಣಿಯನ್ನು ಕೊಡಲಾಗುವುದು ಎಂಬ ಸಾಲು ನೋಡಲು ನಿರುಪದ್ರವಿ; ಆದರೆ ಹೊಸಬರು ಯಾವಾಗ ಬರುವರೆಂಬುದು ಯಾರಿಗೆ ಗೊತ್ತು? ದಿನಾಂಕವಿಲ್ಲದ ಭರವಸೆಗೆ ಕಾಲು ಇರುವುದಿಲ್ಲ.

ಬಾಡಿಗೆಯ ಏರಿಕೆಯ ಸಾಲನ್ನು ಗಣಿತದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ತಿಂಗಳಿಗೆ 5,000 ರೂಪಾಯಿ ಬಾಡಿಗೆಯೆಂದೂ ಪ್ರತಿ ಕರಾರಿಗೆ ಶೇಕಡ 10ರಷ್ಟು ಏರಿಕೆಯೆಂದೂ ಭಾವಿಸೋಣ. ಮೊದಲ 11 ತಿಂಗಳು ಕಳೆದ ಮೇಲೆ ಅದು 5,500 ರೂಪಾಯಿ. ಮತ್ತೆ 11 ತಿಂಗಳಿಗೆ 6,050. ಮೂರನೆಯ ಸಲ 6,655. ಮೂರು ವರ್ಷಗಳು ತುಂಬುವ ಮುನ್ನವೇ ತಿಂಗಳಿಗೆ 1,655 ರೂಪಾಯಿ ಹೆಚ್ಚಾಯಿತು. ಏರಿಕೆಯೇ ತಪ್ಪೆಂದಲ್ಲ, ಬೆಲೆಗಳೆಲ್ಲ ಏರುವಾಗ ಬಾಡಿಗೆಯೂ ಏರುತ್ತದೆ. ಆದರೆ ಮೂರು ವರ್ಷದ ಮೇಲೆ ತನ್ನ ಕೂಲಿ ಅಷ್ಟು ಏರಿರುತ್ತದೆಯೆ ಎಂದು ರುಜುವಿಗೆ ಮೊದಲು ಎಣಿಸಿ ನೋಡುವುದಕ್ಕೂ, ರುಜುವಿನ ನಂತರ ಎಣಿಸಿ ಬೆಚ್ಚುವುದಕ್ಕೂ ವ್ಯತ್ಯಾಸವುಂಟು.

ಠೇವಣಿ ಎಷ್ಟಿರಬೇಕು ಎಂಬ ಪ್ರಶ್ನೆ ಇಡೀ ದೇಶದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲ ನಡೆದುಬಂದಿದೆ. 2021ರ ಜೂನ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ಮಾದರಿ ಬಾಡಿಗೆ ಅಧಿನಿಯಮವೊಂದಕ್ಕೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂಬುದು ಅದರ ಸೂತ್ರಗಳಲ್ಲೊಂದು. ಅದು ಮಾದರಿಯಷ್ಟೆ, ರಾಜ್ಯಗಳು ಅದನ್ನು ಅಂಗೀಕರಿಸಿದಾಗಲೇ ಕಾನೂನಿನ ಬಲ ಪಡೆಯುತ್ತದೆ. ಆದರೂ ನ್ಯಾಯವಾದ ಠೇವಣಿ ಯಾವುದೆಂದು ಅಳೆಯಲು ಅದು ಒಂದು ಅಳತೆಗೋಲು.

ಕರ್ನಾಟಕದ ಊರುಗಳಲ್ಲಿ ಭೋಗ್ಯವೆಂಬ ಇನ್ನೊಂದು ಪದ್ಧತಿಯುಂಟು. ಒಮ್ಮೆಗೇ ದೊಡ್ಡ ಮೊತ್ತವನ್ನು ಮಾಲಕನಿಗೆ ಒಪ್ಪಿಸಿದರೆ ತಿಂಗಳ ಬಾಡಿಗೆಯಿಲ್ಲ. ಅವಧಿ ತೀರಿದ ಮೇಲೆ ಮನೆಯನ್ನು ಬಿಟ್ಟು ಹಣವನ್ನು ಹಿಂದಕ್ಕೆ ಪಡೆಯಬೇಕು. ಹಣವು ಬಡ್ಡಿಯಿಲ್ಲದೆ ಮಾಲಕನಿಗೆ, ಮನೆಯು ಬಾಡಿಗೆಯಿಲ್ಲದೆ ವಾಸಿಸುವವನಿಗೆ. ಇದು ಅಗ್ಗವೆಂದು ತೋರುವುದರಿಂದಲೇ ಇಲ್ಲಿ ಅಪಾಯ ಹೆಚ್ಚು. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಮಾಲಕನು ಕಂತು ಕಟ್ಟದಿದ್ದರೆ, ಬ್ಯಾಂಕು ಬಾಗಿಲಿಗೆ ಬರುವ ದಿನ ಭೋಗ್ಯದಾರನ ಹಣವೂ ಸೂರೂ ಒಟ್ಟಿಗೆ ಸಂಕಟಕ್ಕೆ ಸಿಲುಕುತ್ತವೆ. ಇದಕ್ಕೆ ಮುನ್ನೆಚ್ಚರಿಕೆ ಎರಡು. ಉಪನೋಂದಣಿ ಕಚೇರಿಯಿಂದ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರವನ್ನು ಪಡೆದರೆ, ನೋಂದಣಿಯಾದ ಅಡಮಾನಗಳು ಅದರಲ್ಲಿ ಕಾಣುತ್ತವೆ. ಮನೆಯ ಮೂಲ ಪತ್ರವನ್ನು ತೋರಿಸಿರೆಂದು ಕೇಳುವುದು ಎರಡನೆಯದು. ನಕಲನ್ನು ಮಾತ್ರ ತೋರಿಸಿದರೆ, ಮೂಲವು ಎಲ್ಲಿದೆಯೆಂದು ವಿಚಾರಿಸಬೇಕು. ಅದು ಬ್ಯಾಂಕಿನ ತಿಜೋರಿಯಲ್ಲಿರಬಹುದು.

ಇಷ್ಟೆಲ್ಲ ವಿಚಾರಣೆ ಈ ಕಾಲದ ಅಪನಂಬಿಕೆಯಿಂದ ಹುಟ್ಟಿದ್ದೆಂದು ಕೆಲವರು ಮರುಗುವರು. ಹಿಂದಿನವರು ಮಾತಿಗೆ ತಪ್ಪುತ್ತಿರಲಿಲ್ಲ, ಅವರಿಗೆ ಕಾಗದವೇ ಬೇಕಿರಲಿಲ್ಲ ಎನ್ನುವರು. ಈ ಮಾತನ್ನು ಪರೀಕ್ಷಿಸಲು ಬಸವಕಲ್ಯಾಣಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಅದು ಕಲ್ಯಾಣದ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಧರ್ಮಶಾಸ್ತ್ರಜ್ಞನು ಇಲ್ಲಿದ್ದನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರದ ವಿಚಾರದಲ್ಲಿ ಆಧಾರ ಗ್ರಂಥವಾಯಿತು. ಆ ಸ್ಮೃತಿಯ ವ್ಯವಹಾರ ಭಾಗದಲ್ಲಿ ಸಾಲಪತ್ರವನ್ನು ಹೇಗೆ ಬರೆಯಬೇಕೆಂಬ ವಿಧಿಗಳಿವೆ. ಒಪ್ಪಿಕೊಂಡ ಸಂಗತಿಯನ್ನು ಸಾಕ್ಷಿಗಳೊಡನೆ ಬರೆಯಿಸಬೇಕು, ವರ್ಷ, ಮಾಸ, ಪಕ್ಷ, ದಿನಗಳಿರಬೇಕು, ಉಭಯತರ ಹೆಸರಿರಬೇಕು. ಸಾಲಗಾರನು ಮೇಲೆ ಬರೆದುದು ತನಗೆ ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಮ್ಮ ಕೈಯಿಂದಲೇ ಬರೆಯಬೇಕು. ಕಡೆಯಲ್ಲಿ ಪತ್ರವನ್ನು ಬರೆದವನೂ ತನ್ನ ಹೆಸರನ್ನು ಬರೆಯಬೇಕು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಬರೆಯಿಸಿಕೊಂಡ ಪತ್ರಕ್ಕೆ ಮಾನ್ಯತೆಯಿಲ್ಲ. ಹಣವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಅದನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು, ಇಲ್ಲವೆ ಪಡೆದವನು ರಸೀದಿ ಕೊಡಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿಯಬೇಕು.

ಒಂಬೈನೂರು ವರ್ಷಗಳ ಹಿಂದಿನ ಈ ಎಚ್ಚರಕ್ಕೂ ಇಂದಿನ ಎಚ್ಚರಕ್ಕೂ ಎಷ್ಟು ಹೋಲಿಕೆ! ಬಾಡಿಗೆಯನ್ನು ಕೈಗೆ ಕೊಟ್ಟು ರಸೀದಿ ಕೇಳದವನು ಹಿಂದಿನವರಷ್ಟೂ ಜಾಣನಲ್ಲ. ತಾರೀಖನ್ನು ಬರಿದಾಗಿ ಬಿಟ್ಟ ಪತ್ರವು ಅಂದಿನ ಲೆಕ್ಕದಲ್ಲಿಯೂ ಪತ್ರವಲ್ಲ. ಭೋಗ್ಯವೆಂಬ ಶಬ್ದವೂ ಅಲ್ಲಿಂದಲೇ ಬಂದ ಪರಿಚಿತ ಅತಿಥಿ. ಅನುಭವಿಸಬಹುದಾದ ಅಡವನ್ನು ಆ ಶಾಸ್ತ್ರವು ಭೋಗ್ಯಾಧಿಯೆಂದು ಕರೆದು, ಅಂಥ ಅಡವಿಗೆ ಬೇರೆ ಬಡ್ಡಿಯಿಲ್ಲವೆಂದಿತು. ಎಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದು. ಸಂಸ್ಕೃತದಲ್ಲಿ ಬರೆದ ವಿಜ್ಞಾನೇಶ್ವರನು, ಪತ್ರವನ್ನು ಪಂಡಿತರ ಶಬ್ದಗಳಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ, ಆಯಾ ನಾಡಿನ ಭಾಷೆಯಲ್ಲಿಯೂ ಬರೆಯಬಹುದೆಂದು ಸ್ಪಷ್ಟಪಡಿಸಿದನು. ತಿಳಿಯದ ಭಾಷೆಯ ಕಾಗದಕ್ಕೆ ರುಜು ಹಾಕುವ ಅಳುಕು ಈ ನೆಲದ ಮೂಲ ಸ್ವಭಾವವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೆ? ಕರಾರು ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ, ಅದನ್ನು ಕನ್ನಡದಲ್ಲಿ ಬರೆದುಕೊಡಿರೆಂದು ಕೇಳುವುದು ಹೊಸ ಹಟವಲ್ಲ. ಅದು ಕಲ್ಯಾಣದಷ್ಟೇ ಹಳೆಯ ನ್ಯಾಯ.

ವಿಜ್ಞಾನೇಶ್ವರನ ಕಾಲದ ಕೆಲವು ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಶರಣರ ಕೂಟ ಸೇರಿತು. ಅಂಬಿಗ, ಮಾದಾರ, ಮಡಿವಾಳ, ಯಾವ ಕಾಯಕದವನಾದರೂ ಅಲ್ಲಿ ಪ್ರಶ್ನೆ ಕೇಳಬಹುದಾಗಿತ್ತು, ಹೆಣ್ಣುಮಕ್ಕಳೂ ಕೇಳಿದರು. ಪ್ರಶ್ನೆಯು ಅಗೌರವದ ಚಿಹ್ನೆಯಲ್ಲ, ಸಮಾನತೆಯ ಚಿಹ್ನೆ ಎಂಬ ಪಾಠವನ್ನು ಆ ಊರು ನಾಡಿಗೆ ಕಲಿಸಿದೆ. ಬಾಡಿಗೆಯ ಕಾಗದದ ಎದುರು ಕುಳಿತವನು ಆ ಪಾಠವನ್ನು ಮರೆಯಬಾರದು.

ಬಡಗಿ ಮತ್ತು ಮಗಳು ಅಂದು ಮಧ್ಯಾಹ್ನ ಇನ್ನೊಂದು ಮನೆಯನ್ನು ನೋಡುತ್ತಾರೆ. ಬಣ್ಣ ಹಳೆಯದು, ಬಾಡಿಗೆ ಐನೂರು ರೂಪಾಯಿ ಹೆಚ್ಚು. ಮಾಲಕಳು ಒಬ್ಬ ವೃದ್ಧೆ. ಕಾಗದವನ್ನು ಆಕೆಯ ಮಗನು ಎಲ್ಲಿಂದಲೋ ಬರೆಯಿಸಿ ತಂದಿದ್ದಾನೆ. ಹುಡುಗಿ ಅದನ್ನು ತುಟಿಯಲ್ಲೇ ಓದತೊಡಗಿದಾಗ ಆ ತಾಯಿ, “ಜೋರಾಗಿ ಓದವ್ವಾ, ನನಗೂ ತಿಳೀಲಿ. ನನಗೂ ಓದಾಕ ಬರೂದಿಲ್ಲ” ಎನ್ನುತ್ತಾಳೆ. ಹುಡುಗಿ ಗಟ್ಟಿಯಾಗಿ ಓದುತ್ತಾಳೆ. ಹೊಸಬರು ಬಂದ ಮೇಲೆಯೇ ಠೇವಣಿ ಎಂಬ ಸಾಲು ಬಂದಾಗ ವೃದ್ಧೆಯೇ ತಡೆದು, “ಹಂಗ್ಯಾಕ ಬರ್ಸೀದಿ? ಅವರ ರೊಕ್ಕ ಅವರಿಗೆ ಕೊಡಬೇಕಲ್ಲಪ್ಪಾ” ಎಂದು ಮಗನನ್ನು ಕೇಳುತ್ತಾಳೆ. ಅವನೂ ಅದನ್ನು ಓದಿರಲಿಲ್ಲ. ಅಂಗಡಿಯವನು ಹಳೆಯ ನಮೂನೆಯನ್ನೇ ಅಚ್ಚು ಹಾಕಿಕೊಟ್ಟಿದ್ದನು. ಆ ಸಾಲನ್ನು ಹೊಡೆದು, ಮನೆ ಬಿಟ್ಟ ದಿನವೇ ಠೇವಣಿಯನ್ನು ಕೊಡತಕ್ಕದ್ದೆಂದು ಬರೆದು, ಪಕ್ಕದಲ್ಲಿ ಇಬ್ಬರೂ ರುಜು ಹಾಕುತ್ತಾರೆ. ಖಾತೆಯು ತೀರಿಹೋದ ಯಜಮಾನರ ಹೆಸರಿನಲ್ಲಿದ್ದುದರಿಂದ, ಅವರ ವಾರಸುದಾರರಾದ ತಾಯಿ, ಮಗ ಇಬ್ಬರೂ ಕಾಗದಕ್ಕೆ ಒಪ್ಪಿಗೆ ಬರೆಯುತ್ತಾರೆ. ಬೀಗ, ಫ್ಯಾನು, ದೀಪಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಮೀಟರಿನ ಅಂಕಿಯನ್ನೂ ಅದರಲ್ಲಿ ಗುರುತಿಸುತ್ತಾರೆ. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಇವರಿಗೆ.

ಮನೆಯನ್ನು ಕೊಡುವವರಿಗೂ ಭಯಗಳುಂಟೆಂಬುದನ್ನು ಇಲ್ಲಿ ಕಾಣಬಹುದು. ಬಾಡಿಗೆ ಬಾರದಿದ್ದರೆ ಏನು ಗತಿ, ಬಂದವರು ಬಿಡದಿದ್ದರೆ ಏನು ಮಾಡುವುದು ಎಂಬ ಚಿಂತೆ ಆ ವೃದ್ಧೆಗೂ ಇತ್ತು. ಬಾಡಿಗೆಯೇ ಆಕೆಯ ಔಷಧಿಯ ಹಣ. ಆದುದರಿಂದ ಮಾಲಕರೆಲ್ಲರೂ ವಂಚಕರು, ಬಾಡಿಗೆದಾರರೆಲ್ಲರೂ ಅಮಾಯಕರು ಎಂದು ತಿಳಿಯುವುದು ಅನ್ಯಾಯ. ಗಟ್ಟಿಯಾಗಿ ಓದಿದ ಕಾಗದವು ಇಬ್ಬರನ್ನೂ ಕಾಯುತ್ತದೆ. ಓದದ ಕಾಗದವು ಯಾರನ್ನೂ ಕಾಯದು. ಕಡೆಗೆ ಅದನ್ನು ಬರೆಯಿಸಿದವನನ್ನೂ ಕಾಯದು.

18 ವರ್ಷ ತುಂಬದವರು ಮಾಡಿಕೊಂಡ ಕರಾರನ್ನು ಕಾನೂನು ಕರಾರೆಂದು ಎಣಿಸುವುದಿಲ್ಲ. ಆ ಹುಡುಗಿಯ ರುಜುವಿಗೆ ಇನ್ನೂ ಕೆಲವು ವರ್ಷ ಬೆಲೆಯಿಲ್ಲ. ಆದರೆ ಓದಲು ಯಾವ ಕಾನೂನಿನ ಅಡ್ಡಿಯೂ ಇಲ್ಲ, ಪ್ರಶ್ನಿಸಲು ಯಾವ ವಯಸ್ಸಿನ ಮಿತಿಯೂ ಇಲ್ಲ. ಅಕ್ಷರವನ್ನು ಕಲಿತವನ ಮೊದಲ ಋಣ ಅದನ್ನು ಕಲಿಸಲು ದುಡಿದ ತಾಯಿತಂದೆಯರಿಗೆ ಸಲ್ಲಬೇಕು. ಅವರ ಬೆರಳು ರುಜುವಿನ ಜಾಗದ ಮೇಲೆ ನಿಂತಾಗ, “ಸ್ವಲ್ಪ ತಡೆಯಿರಿ, ಓದಿ ಹೇಳುತ್ತೇನೆ” ಎನ್ನುವ ಧೈರ್ಯವನ್ನು ಶಾಲೆಯ ಓದು ಕೊಡಬೇಕು. ಹೆಸರು ಬರೆಯಲು ಕಲಿಯುವುದು ಸಾಕ್ಷರತೆಯ ಆರಂಭ. ಆ ಹೆಸರನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಎಂದು ತಿಳಿಯುವುದು ಅದರ ಫಲ.